ಹಿಂಗಾಲಿಲ್ಲದ ಕುರ್ಚಿ

ಕೋದಂಡಪ್ಪ ಮೇಷ್ಟ್ರು ಕೆಂಪು ಪೆನ್ಸಿಲ್ ತೆಗೆದವರೇ ರತ್ನಿಯ ಚಿತ್ರದ ಕುರ್ಚಿಗೆ ಎರಡು ಹಿಂಗಾಲು ಬರೆದೇಬಿಟ್ಟರು.

"ಈಗ ನಿಲ್ಲುತ್ತೆ ನೋಡು," ಎಂದರು.

ಐದನೇ ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರತ್ನಿಯ ಕಿವಿ ಬಿಸಿಯಾಯಿತು. ನಾನು ಮರೆತು ಬಿಟ್ಟಿದ್ದಲ್ಲ ಸಾರ್, ಆ ಕುರ್ಚಿಗೆ ಇರುವುದೇ ಎರಡು ಕಾಲು, ಎರಡೂ ಮುಂದೆ, ನಾನೇ ಕೂತಿದ್ದೇನೆ ಎಂದಳು. ಅಷ್ಟು ಸಾಕಾಯಿತು. ಊಟದ ಗಂಟೆ ಹೊಡೆಯುವಷ್ಟರಲ್ಲಿ ಅವಳ ಹೆಸರು 'ಬುರುಡೆ ರತ್ನಿ' ಎಂದಾಗಿಹೋಗಿತ್ತು.

ಮೇಷ್ಟ್ರು ಕೆಟ್ಟವರೇನಲ್ಲ. "ಮುಂದಿನ ತಿಂಗಳು ಸ್ಕೂಲಲ್ಲಿ ಎಕ್ಸಿಬಿಷನ್ ಇದೆಯಲ್ಲ, ಆ ಕುರ್ಚಿ ತಂದು ನಿಲ್ಲಿಸು. ನಿಂತರೆ ಎಲ್ಲರಿಗಿಂತ ಮೊದಲು ನಾನೇ ಕೂರ್ತೀನಿ," ಎಂದರು.

ತರುವುದು ಎಲ್ಲಿಂದ? ಅದು ಇದ್ದದ್ದು ಚಿನ್ನದ ಗಣಿಯ ಇಂಜಿನಿಯರ್ ದೊರೆಯ ಬಂಗಲೆಯಲ್ಲಿ. ರತ್ನಿಯ ಅಮ್ಮ ಅಲ್ಲಿ ಕಸ ಗುಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ದೊರೆಸಾನಿ ರತ್ನಿಯನ್ನು ಕರೆದು ಅದರ ಮೇಲೆ ಕೂರಿಸಿದ್ದಳು.

ಅಬ್ಬಾ, ಅದೆಂಥಾ ಕುರ್ಚಿ! ಫಳಫಳ ಹೊಳೆಯುವ ಒಂದೇ ಒಂದು ಪೈಪು. ಬೆನ್ನಿನ ಕಡೆಯಿಂದ ಇಳಿದು, ಸೀಟಿನ ಉದ್ದಕ್ಕೂ ಮುಂದೆ ಬಂದು, ಕಾಲಾಗಿ ಕೆಳಗಿಳಿದು, ನೆಲದ ಮೇಲೆ ಹಿಂದಕ್ಕೆ ಓಡಿ, ಅಲ್ಲಿ ತಿರುಗಿಕೊಂಡು, ಬಂದ ಹಾಗೆಯೇ ಇನ್ನೊಂದು ಪಕ್ಕದಲ್ಲಿ ಮೇಲೆ ಹತ್ತುತ್ತಿತ್ತು. ಸೀಟಿನ ಹಿಂಭಾಗದ ಕೆಳಗೆ ಬರೀ ಗಾಳಿ. ಕೂತರೆ ಮಾವಿನ ಕೊಂಬೆಯ ಮೇಲೆ ಕೂತ ಹಾಗೆ ಮೆಲ್ಲಗೆ ತೂಗುತ್ತಿತ್ತು. ಮೂವತ್ತು ವರ್ಷದ ಹಿಂದೆ ಜರ್ಮನಿಯಲ್ಲಿ ಯಾರೋ ಸೈಕಲ್ ಹ್ಯಾಂಡಲ್ ನೋಡಿ, ಹೀಗೇ ಪೈಪು ಬಗ್ಗಿಸಿ ಕುರ್ಚಿ ಯಾಕೆ ಮಾಡಬಾರದು ಅಂದುಕೊಂಡರಂತೆ. ದೊರೆಸಾನಿ ಗಣಿಯ ಆಳುಗಳಿಂದ ಕಲಿತ ತನ್ನ ಮುರುಕು ತಮಿಳಿನಲ್ಲಿ ಹಾಗೆ ಹೇಳಿದ್ದಳು.

ಈಗ ಗಣಿ ಸರ್ಕಾರದ್ದಾಗಿತ್ತು. ದೊರೆ, ದೊರೆಸಾನಿ, ಕುರ್ಚಿ ಎಲ್ಲವೂ ಹಡಗು ಹತ್ತಿ ಹೋಗಿಯಾಗಿತ್ತು.

ಸಪ್ಪೆ ಮುಖ ಹಾಕಿಕೊಂಡು ಮನೆಗೆ ಹೊರಟಿದ್ದ ರತ್ನಿಯ ಪಕ್ಕದಲ್ಲೇ ಒಂದು ಸೈಕಲ್ ಬೆಲ್ ಹೊಡೆದುಕೊಂಡು ಹೋಯಿತು. ರತ್ನಿ ರಸ್ತೆಯಲ್ಲೇ ನಿಂತುಬಿಟ್ಟಳು. ಹ್ಯಾಂಡಲ್! ಬಂಗಾರಪೇಟೆ ಸ್ಟೇಷನ್ ಎದುರಿಗೆ ಸೈಕಲ್ ಶಾಪ್ ಇಟ್ಟಿರುವುದು ಯಾರು? ಅವಳ ಸ್ವಂತ ಮಾವ, ಮುನಿಶಾಮಿ ಮಾವ.

ಭಾನುವಾರ ಅಮ್ಮನ ಜೊತೆ ಮೊದಲನೇ ರೈಲಿಗೇ ಹೋದಳು. ಮಾವನಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ರತ್ನಿ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸ್ಪೋಕ್ ಒಂದನ್ನು ಇಕ್ಕಳದಿಂದ ಅಲ್ಲಲ್ಲಿ ಬಗ್ಗಿಸಿ, ಬೆರಳುದ್ದದ ಕುರ್ಚಿ ಮಾಡಿ ಮೇಜಿನ ಮೇಲಿಟ್ಟಳು. ಅದು ನಿಂತಿತು. ಮಾವ ಅದರ ಸೀಟಿನ ಮೇಲೆ ಒಂದು ನಟ್ಟು ಇಟ್ಟ. ಆಗಲೂ ನಿಂತಿತು. ಎರಡು ನಟ್ಟು, ಮೂರು ನಟ್ಟು. ಮಾವನ ಕಣ್ಣರಳಿತು.

"ಲೇ ರತ್ನಿ, ಇದನ್ನ ಮಾಡೇಬಿಡಾಣ ಕಣೇ," ಎಂದ. ಪಂಕ್ಚರ್ ಹಾಕಿಸಿಕೊಳ್ಳಲು ಬಂದವರು ಅರ್ಧ ಗಂಟೆ ಕಾದರು, ಪಾಪ.

ಈ ಸಂಭ್ರಮಕ್ಕೆ ಮನೆಯಲ್ಲಿ ತಣ್ಣೀರು ಎರಚಿದ್ದು ತಾತ.

ತಾತ ದೊಡ್ಡವೆಂಕಟಪ್ಪ ಮೂವತ್ತು ವರ್ಷ ಗಣಿಯೊಳಗೆ ಟಿಂಬರ್ ಕೆಲಸ ಮಾಡಿದವನು. ತಲೆಯ ಮೇಲಿನ ಬಂಡೆ ಕುಸಿಯದ ಹಾಗೆ ಕೆಳಗೆ ಆಸರೆಗೆ ಮರ ಕೊಟ್ಟು, ಬೆಣೆ ಹೊಡೆದು ಬಿಗಿ ಮಾಡುವುದು ಅವನ ಕೆಲಸ. ರಿಟೈರ್ ಆದರೂ ಚಾಳಿ ಬಿಟ್ಟಿರಲಿಲ್ಲ. ಪಾತ್ರೆ ಇಡುವ ಹಲಗೆಗೆ ಮರ ಕೊಟ್ಟಿದ್ದ. ಕೋಳಿಗೂಡಿಗೆ ಕೊಟ್ಟಿದ್ದ. ಪರಂಗಿ ಗಿಡಕ್ಕೂ ಒಂದು. ಅವರ ಮನೆಯ ಮಂಚಕ್ಕೆ ಆರು ಕಾಲು ಎಂದರೆ ನೀವು ನಂಬಲಿಕ್ಕಿಲ್ಲ. ಆಗೊಮ್ಮೆ ಈಗೊಮ್ಮೆ ಗಣಿಯಾಳದಲ್ಲಿ ಬಂಡೆ ಸಿಡಿದು ಅವರ ಊರು ಉರಿಗಾಂನ ನೆಲವೆಲ್ಲ ಗುಡುಗುಡು ಅಂದಾಗ, ಉಳಿದವರು ಜಾರುವ ಪಾತ್ರೆ ಹಿಡಿದುಕೊಳ್ಳುತ್ತಿದ್ದರು. ತಾತ ಮಾತ್ರ ಸೂರಿನ ಕಂಬದ ಮೇಲೆ ಅಂಗೈ ಊರಿ ನಿಂತುಬಿಡುತ್ತಿದ್ದ.

ಸ್ಪೋಕಿನ ಕುರ್ಚಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ ತಾತ, "ಕೆಳಗೆ ಮರ ಇಲ್ದೆ ಮೇಲಿರೋದು ನಿಲ್ಲಲ್ಲ ಕಣಮ್ಮ," ಎಂದ. ಅಷ್ಟೇ.

ಆದರೂ ಸಹಾಯ ಬಂದದ್ದು ಅವನಿಂದಲೇ. ಮಾವ ರಾಬರ್ಟ್‌ಸನ್‌ಪೇಟೆಯ ಗುಜರಿಯಿಂದ ಹಳೆಯ ಪೈಪು ತಂದು, ಕಾಯಿಸಿ ಬಗ್ಗಿಸಿದರೆ, ತಿರುವಿನಲ್ಲಿ ಅದು ಚಪ್ಪಟೆಯಾಗಿ ಮುದುರಿಕೊಂಡಿತು. ಇನ್ನೊಂದೂ ಹಾಗೇ ಆಯಿತು. ಮುದುರಿದ ತುಂಡನ್ನು ಮನೆಗೆ ತಂದು ರತ್ನಿ ಮೂಗೊರೆಸಿಕೊಳ್ಳುತ್ತ ಕೂತಿದ್ದಾಗ, ತಾತನಿಗೆ ತಡೆಯಲಾಗಲಿಲ್ಲ. ಪೈಪಿನೊಳಗೆ ಮರಳು ಗಟ್ಟಿಯಾಗಿ ತುಂಬಿ, ಎರಡು ಬಾಯಿಗೂ ಬಿರಡೆ ಹೊಡೆದು ಬಗ್ಗಿಸಬೇಕು, ಗಣಿಯ ಫಿಟ್ಟರುಗಳು ಮಾಡುವುದೇ ಹಾಗೆ ಎಂದ. ಮರಳು ಮಾತ್ರ ಒಣಗಿರಬೇಕು, ಹಸಿಯಾಗಿದ್ದರೆ ಕಾಯಿಸಿದಾಗ ಬಿರಡೆ ಹಾರಿ ಬರುತ್ತದಂತೆ.

ಸರಿ, ರತ್ನಿ ಅಮ್ಮನ ಬಾಣಲೆಯಲ್ಲೇ ಮರಳು ಹುರಿದಳು. ಅಮ್ಮನಿಂದ ಬೈಸಿಕೊಂಡಳು. ಆ ಮರಳು ತುಂಬಿದ ಪೈಪು ಬಾಳೆದಿಂಡಿನ ಹಾಗೆ ನುಣ್ಣಗೆ, ದುಂಡಗೆ ಬಗ್ಗಿತು. ಮಾವ ಎರಡು ಪಕ್ಕಗಳನ್ನು ಬೆಸೆದು, ಸೈಕಲ್ಲಿಗೆ ಹೊಡೆಯುವ ಬೆಳ್ಳಿ ಬಣ್ಣ ಹೊಡೆದ. ಬೈದ ಅಮ್ಮನೇ ಹಳೆಯ ಮಂಚದ ನವಾರ ಬಿಚ್ಚಿ ಸೀಟು, ಬೆನ್ನು ಹೆಣೆದುಕೊಟ್ಟಳು.

ಎಕ್ಸಿಬಿಷನ್‌ಗೆ ಒಂದು ದಿನ ಇರುವಾಗ ಕುರ್ಚಿ ಮನೆಗೆ ಬಂತು. ರತ್ನಿ ಕೂತಳು. ಅದು ಮೆಲ್ಲಗೆ ಬಗ್ಗಿ, ಮೆಲ್ಲಗೆ ಎದ್ದು, ಥೇಟ್ ಬಂಗಲೆಯ ಕುರ್ಚಿಯ ಹಾಗೇ ತೂಗಿತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ತಾತನನ್ನು ಎಷ್ಟು ಕರೆದರೂ ಅವನು ಹತ್ತಿರ ಬರಲಿಲ್ಲ. ಬಾಗಿಲಲ್ಲಿ ನಿಂತು ಸೀಟಿನ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಿದ್ದ.

ಬೆಳಿಗ್ಗೆ ರತ್ನಿ ನಲ್ಲಿಗೆ ಹೋಗಿ ನೀರು ತರುವಷ್ಟರಲ್ಲಿ, ತಾತ ಕುರ್ಚಿಗೆ ದುಪ್ಪಟಿ ಸುತ್ತಿ ಹಗ್ಗ ಬಿಗಿದಿದ್ದ. "ನಾನೇ ಒತ್ಕೊಂಡು ಬತ್ತೀನಿ ನಡಿ," ಎಂದ. ಅಂತೂ ತಾತನೂ ಒಪ್ಪಿದ ಎಂದು ರತ್ನಿ ದಾರಿಯುದ್ದಕ್ಕೂ ಕುಪ್ಪಳಿಸಿದಳು.

ಕ್ಲಾಸಿನಲ್ಲಿ ಎಲ್ಲರೂ ಸುತ್ತ ನಿಂತರು. ಅವಳು ಹಗ್ಗ ಬಿಚ್ಚಿದಳು. ದುಪ್ಪಟಿ ಎಳೆದಳು.

ಎಲ್ಲರೂ ಕತ್ತು ಚಾಚಿ ಇಣುಕಿದರು. ಆಮೇಲೆ ಶುರುವಾಯಿತು ನೋಡಿ ನಗು.

ಕುರ್ಚಿಗೆ ಎರಡು ಹಿಂಗಾಲಿದ್ದವು. ನೆಲದ ಪೈಪಿನಿಂದ ಸೀಟಿನವರೆಗೆ ನಿಲ್ಲಿಸಿ, ಬೆಣೆ ಹೊಡೆದು ಬಿಗಿದ ಎರಡು ಮರದ ತುಂಡು. ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದರಲ್ಲ, ಸರಿಯಾಗಿ ಅದೇ ಜಾಗದಲ್ಲಿ.

"ಬುರುಡೆ ರತ್ನಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ರತ್ನಿಗೆ ಸಿಟ್ಟು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ ಬಂತು. ಬಾಗಿಲಲ್ಲಿ ನಿಂತಿದ್ದ ತಾತನ ಹತ್ತಿರ ಓಡಿದಳು. "ಯಾಕ್ ತಾತ ಇಂಗ್ ಮಾಡ್ದೆ?"

ತಾತ ಟವೆಲ್ ಹಿಂಡುತ್ತ ನಿಂತಿದ್ದ. "ನೀನ್ ಕೂತಾಗ ಅದು ಬಗ್ಗಿದ್ದು ನೋಡ್ದೆ ಕಣಮ್ಮ. ಬಗ್ಗಿದ್ದು ಬೀಳ್ತದೆ. ಮೇಲಿಂದ ಬಿದ್ದಿದ್ದನ್ನ ನಾನು ನೋಡಿವ್ನಿ. ನಿನ್ ಮೇಲೆ ಬೀಳೋದು ಬ್ಯಾಡ," ಎಂದ.

ಅವನ ಕೈಬೆರಳುಗಳ ಮೇಲೆ ಹೊಸ ಸಿಬಿರು ಚುಚ್ಚಿದ ಗುರುತುಗಳಿದ್ದವು. ರಾತ್ರಿಯೆಲ್ಲ ಕೂತು ಮರ ಎಷ್ಟು ನುಣ್ಣಗೆ ಕೆತ್ತಿದ್ದ, ಒಂದು ಮೂಲೆಯೂ ಕೈಗೆ ತಾಗದ ಹಾಗೆ. ರತ್ನಿಯ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ನೀನೇ ತೆಗಿ ತಾತ," ಎಂದಳು. "ನೀನ್ ತೆಗೆದ್ರೆ ನಂಗೆ ಭಯ ಇಲ್ಲ."

ತಾತ ಟವೆಲ್ ಹೆಗಲಿಗೆ ಹಾಕಿಕೊಂಡ. ಆಮೇಲೆ ಒಳಗೆ ಬಂದು ಕುರ್ಚಿಯ ಪಕ್ಕ ಮಂಡಿಯೂರಿದ. ಪೈಪನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಕಿವಿ ಕೊಟ್ಟು ಕೇಳಿದ. ಗಣಿಯಲ್ಲಿ ಬಂಡೆ ಸಡಿಲವಾಗಿದೆಯೇ ಎಂದು ತಟ್ಟಿ ಕೇಳುತ್ತಿದ್ದನಂತೆ, ಹಾಗೆ. ಬೆಣೆಗೆ ಎರಡು ಏಟು ಹಾಕಿ, ಒಂದು ಮರ ತೆಗೆದ. ಇನ್ನೊಂದನ್ನೂ ತೆಗೆದ. ಕುರ್ಚಿ ಅಲ್ಲಾಡದೆ ನಿಂತಿತು.

ಕೊಟ್ಟ ಮಾತಿನಂತೆ ಕೋದಂಡಪ್ಪ ಮೇಷ್ಟ್ರು ಪಂಚೆ ಸರಿ ಮಾಡಿಕೊಂಡು ಮುಂದೆ ಬಂದರು. ತಾತ ಕೈ ಅಡ್ಡ ಹಿಡಿದ.

"ನಾನ್ ನೋಡಗಂಟ ಯಾರೂ ಕೂರಂಗಿಲ್ಲ ಸ್ವಾಮಿ. ಗಣೀಲೂ ಮರ ಕೊಡೋನೇ ಮೊದ್ಲು ಒಳಕ್ಕೆ ಓಗ್ಬೇಕು."

ಹಾಗೆಂದು ತಾತ ಕೂತ. ಕುರ್ಚಿ ಬಗ್ಗಿತು. ತಾತನ ಒಂದು ಕೈ ಸರಕ್ಕನೆ ಸೀಟಿನ ಕೆಳಗೆ ಹೋಗಿ ತಡಕಿತು. ಅಲ್ಲಿ ಏನೂ ಸಿಗಲಿಲ್ಲ. ಕುರ್ಚಿ ಅವನನ್ನು ಮೆಲ್ಲಗೆ ಮೇಲಕ್ಕೆತ್ತಿತು, ಮತ್ತೆ ಇಳಿಸಿತು. ತಾತ ಆ ಕೈಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ತಾನೇ ಒಂದು ಸಲ ಜೀಕಿದ. ಇನ್ನೊಂದು ಸಲ ಜೀಕಿದ. ಹಲ್ಲಿಲ್ಲದ ಬಾಯಿ ತೆರೆದು ಮಗುವಿನ ಹಾಗೆ ನಕ್ಕ.

ಮುಂದೆ ಕೇಳಬೇಕೆ. ಮೇಷ್ಟ್ರು ಕೂತರು, ಹೆಡ್‌ಮೇಷ್ಟ್ರು ಕೂತರು, ಇಡೀ ಸ್ಕೂಲು ಕ್ಯೂ ನಿಂತಿತು. 'ಬುರುಡೆ' ಎಂದು ಕೂಗಿದವರೂ ಎರಡೆರಡು ಸಲ ಕೂತರು. ಸಾಲು ಸರಿ ಮಾಡುವವನು ತಾತನೇ.

ಸಂಜೆ ಮೇಷ್ಟ್ರು ರತ್ನಿಯ ಚಿತ್ರವನ್ನು ಗೋಡೆಗೆ ಹಾಕಲು ತೆಗೆದರು. ತಪ್ಪು ನನ್ನದೇ ಎಂದು ರಬ್ಬರ್ ಕೈಗೆತ್ತಿಕೊಂಡರು, ಕೆಂಪು ಕಾಲುಗಳನ್ನು ಅಳಿಸಲು.

ರತ್ನಿ ಅವುಗಳ ಮೇಲೆ ಅಂಗೈ ಇಟ್ಟಳು.

"ಇರಲಿ ಬಿಡಿ ಸಾರ್," ಎಂದಳು.

ಕುರ್ಚಿಯನ್ನು ಎಕ್ಸಿಬಿಷನ್‌ನಲ್ಲೇ ಬಿಟ್ಟು ಮನೆಗೆ ಹೋಗುವಾಗ ತಾತ ಆ ಎರಡು ಮರದ ತುಂಡುಗಳನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ನಡೆಯುತ್ತಿದ್ದ. ರತ್ನಿ ಓಡಿ ಅವನ ಜೊತೆ ಸೇರಿಕೊಂಡಳು.

"ಒಂದು ನಂಗ್ ಕೊಡು ತಾತ, ನಾನ್ ಇಡ್ಕೊಂತೀನಿ," ಎಂದಳು.