ಕೊನಿ ನುಡಿ ಇಲ್ಲದ ಹಾಡು

"ಬೆಂಜೋ ಪಾರ್ಟಿ ಬಂತು!"

ಆರತಿ ತಾಟ ಹಿಡಕೊಂಡು ಬಾಗಲಿಗೆ ಬಂದ ಶುಭಾಂಗಿ ಅಲ್ಲೇ ನಿಂತಳು.

ಸಂಗ್ರಾಮ! ಕಿವಿ ಮ್ಯಾಲಿನ ಕೂದಲು ಬೆಳ್ಳಗಾಗಿತ್ತು. ಕೊರಳಾಗ ತಂತಿ ಮೀಟೂ ಅದೇ ಹಳೇ ಬೆಂಜೋ.

ಅಯ್ಯ ದೇವರ... ಅಣ್ಣನ ಮಗನ ಮದುವಿಗೆ ಈ ಐಗಳಿ ಊರಿಗೆ ಇಂವನ್ನೇ ಕರಸಬೇಕಿತ್ತಾ?

ಹರೇದಾಗ ಇಬ್ಬರೂ ಬೋರಗಾಂವದ ಒಂದೇ ಪವರ್‌ಲೂಮ್ ಶೆಡ್‌ನಾಗ ದುಡೀತಿದ್ರು. ಮಗ್ಗದ ಖಟಕ್-ಖಟಕ್ ತಾಳಕ್ಕ ಸಂಗ್ರಾಮ ಆಕಿ ಸಲುವಾಗಿ ಒಂದು ಹಾಡು ಕಟ್ಟಿದ್ದ. "ಇದು ನಮ್ಮ ಮದುವ್ಯಾಗಷ್ಟ" ಅಂತ ಮಾತೂ ಕೊಟ್ಟಿದ್ದ.

ಆದ್ರ ಆಕಿ ಗೆಳತಿ ರೂಪಾಲಿ ಮದುವಿ ಮೆರವಣಿಗ್ಯಾಗ, ಆ ವರಾತದಾಗ, ಅದನ್ನೇ ಬಾರಿಸಿಬಿಟ್ಟ! ಶುಭಾಂಗಿ ಯಾಕಂತ ಕೇಳಲಿಲ್ಲ. ಅರ್ಧಕ್ಕೇ ಎದ್ದು ನಿಪ್ಪಾಣಿ ಅತ್ತಿ ಮನಿಗೆ ಹೋದಾಕಿ ತಿರುಗಿ ನೋಡಲಿಲ್ಲ. ಬಂದ ವರಗಳನ್ನೆಲ್ಲ ಒಲ್ಲೆ ಅಂದಳು. ಎಂಥಾ ಹಟ ನೋಡ್ರಿ!

ಆ ಹಾಡು ಆಕಿನ್ನ ಬಿಡಬೇಕಲ್ಲ? ರಾಯಬಾಗ ಬಸ್ಸಿನ್ಯಾಗ, ಅಥಣಿ ಸಂತ್ಯಾಗ, ಎಲ್ಲಾರ ಮೊಬೈಲಿನ್ಯಾಗ ಅದೇ! ಗದ್ದಲಿಲ್ಲ, ಕುಣಿತಿಲ್ಲ. ದಣದು ಬಂದವರಿಗೆ ತಂಪು ಅನಸ್ತಿತ್ತು, ಮುದುಕಿಯರೂ ಗುನುಗತಿದ್ರು. ಶುಭಾಂಗಿ ಮಾತ್ರ ಸುರು ಆದ ಕೂಡಲೇ ಎದ್ದು ಹೋಗತಿದ್ದಳು.

ಇವತ್ತ ಎಲ್ಲಿಗೆ ಹೋಗೋದು? ವರಾತದಾಗ ಮಂದಿ ಅದನ್ನೇ ಕೇಳಿದ್ರು, ಸಂಗ್ರಾಮ ಬಾರಿಸಿದ. ತಟ್ಟನೆ ನಿಲ್ಲಿಸಿದ.

"ಈ ಮನಶ್ಯಾ ಯಾವಾಗ್ಲೂ ಹಿಂಗ," ಮಗ್ಗಲಿನ ಕೆಂಚವ್ವ ಗೊಣಗಿದಳು. "ಕೊನಿ ಇಲ್ಲೇನೋ ಅನ್ನೂಹಂಗ ಅರ್ಧಕ್ಕೇ ಬಿಡ್ತಾನ."

ಕೊನಿ ಇಲ್ಲ? ಶೆಡ್‌ನಾಗ ಕೇಳಿದ ಕೊನಿ ನುಡಿ ಶುಭಾಂಗಿಗೆ ಬಾಯಿಪಾಠ ಇತ್ತು!

ವರಾತ ಮುಗದು ಸಂಗ್ರಾಮ ಚಹಾ ಕುಡಿಯಾಕತ್ತಿದ್ದ. ಆಕಿ ಎದುರಿಗೇ ಹೋಗಿ ನಿಂತಳು.

"ಕೊನಿ ನುಡಿ ಯಾಕ ಬಿಟ್ಟಿ?"

"ರೂಪಾಲಿ ವರಾತದಾಗೂ ಬಿಟ್ಟಿದ್ದೆ, ಶುಭಾ. ಅವರ ಮನಿ ಎಲಿ-ಸುಪಾರಿ ಹಿಡದು ಮದುವ್ಯಾಗ ಬಾರಸ್ತೇನಂತ ಒಪ್ಪಿದ್ದೆ. ಸುಪಾರಿ ಹಿಡದ ಮ್ಯಾಲೆ ಕೇಳಿದ ಹಾಡಿಗೆ ಇಲ್ಲ ಅನ್ನಾಕ ಬರೂದಿಲ್ಲ... ಉಳದದ್ದು ಊರಿಗೆ ಕೊಟ್ಟೆ. ಕೊನಿ ನುಡಿ ನಮ್ಮ ಮದುವಿಗಂತ ಇಟ್ಟೇನಿ."

ಆಕಿ ಕಣ್ಣು ತುಂಬಿ ಬಂತು. "ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ. ನಿಂತು ಪೂರ್ತಿ ಕೇಳಿದ್ರ ತಿಳೀತಿತ್ತು... ನಮ್ಮ ಹರೇ ಎಲ್ಲಾ ಹಾಳ ಮಾಡಿದೆ, ಸಂಗ್ರಾಮ!"

"ನಿಪ್ಪಾಣಿ ಏನ್ ಸಮುದ್ರದ ಆಚಿ ಇತ್ತಾ? ನಾನೂ ಬರಬೇಕಿತ್ತು. ನನಗೂ ಸೊಕ್ಕಿತ್ತು."

ಸ್ವಲ್ಪ ಹೊತ್ತು ಇಬ್ಬರೂ ಅತ್ತರು. ಆಮ್ಯಾಲೆ ಆಕಿ ಚಪ್ಪರದ ತಾಟಿನಿಂದ ಎಲಿ-ಅಡಕಿ ತಗೊಂಡು ಮುಂದ ಹಿಡದಳು.

"ತಗೋ, ಸುಪಾರಿ ಹಿಡಿ."

"ಯಾರ ಮದುವಿದು?"

"ಕೊನಿ ನುಡಿ ಯಾರಿಗಿಟ್ಟೀಯೋ ಅವರದು."

ಸಂಗ್ರಾಮ ಎರಡೂ ಕೈಲೆ ಎಲಿ-ಅಡಕಿ ತಗೊಂಡ. "ವರ ನಾನಾದ್ರ ಬೆಂಜೋ ಯಾರ ಬಾರಿಸ್ತಾರ ಬೇ?"

"ನೀನೇ. ಈ ಸಲ ನಾನು ಎದ್ದು ಹೋಗೂದಿಲ್ಲ."