ನಲವತ್ತೆರಡನೇ ಪುಟದ ಫೋಟೋ

"ಇದು ನಮ್ಮಪ್ಪ ಅಲ್ಲ!"

ರಾಜಾಜಿನಗರದ ಸಭಾಂಗಣದಲ್ಲಿ ಹಳೆಯ ಮೋಟಾರ್ ರೇಸ್ ಫೋಟೋಗಳ ಪುಸ್ತಕ ಬಿಡುಗಡೆಯಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ದೀಪ್ತಿ ನಲವತ್ತೆರಡನೇ ಪುಟ ತೆರೆದು, ಪುಸ್ತಕ ಮಾಡಿದ ಅನಿಕೇತನ ಮುಖಕ್ಕೇ ಹಿಡಿದಿದ್ದಳು.

ಫೋಟೋದಲ್ಲಿ ಬನಿಯನ್ ತೊಟ್ಟ ಒಬ್ಬ ಬೆನ್ನು ತೋರಿಸಿ ಕಾರಿನ ಚಕ್ರದ ನಟ್ಟು ಬಿಗಿಯುತ್ತಿದ್ದ. ಕೆಳಗೆ 'ಅಪಘಾತಕ್ಕೆ ಮುನ್ನ ಮೆಕ್ಯಾನಿಕ್ ಕೆಂಚಪ್ಪ, ೧೯೮೪' ಎಂದಿತ್ತು. ಆ ಚಕ್ರ ಕಳಚಿಯೇ ರೇಸಿನಲ್ಲಿ ಕಾರು ಓಡಿಸುತ್ತಿದ್ದ ನಾಣಿ ಸತ್ತದ್ದು. ಅಂದಿನಿಂದ ಕೆಂಚಪ್ಪನ ಕೈಗೆ ಯಾರೂ ಗಾಡಿ ಕೊಡಲಿಲ್ಲ. ಇಂದಿಗೂ ಅವನು ಯಾರದೋ ಗೇಟು ಕಾಯುತ್ತಿದ್ದ.

"ನಾಣಿ ನಮ್ಮಪ್ಪ..." ಎಂದ ಅನಿಕೇತ್ ಮೆಲ್ಲಗೆ.

ದೀಪ್ತಿ ಫೋಟೋದ ಮೇಲೆ ಬೆರಳಿಟ್ಟು ತೋರಿಸಿದಳು. ಬನಿಯನ್ ಮೇಲೆ ಜಾರಿದ್ದ ಜನಿವಾರ!

"ನಮ್ಮನೇಲಿ ಯಾರೂ ಜನಿವಾರ ಹಾಕಲ್ಲ ಸಾರ್. ಆ ಕಾರು ಮುಟ್ತಿದ್ದೋರು ಇಬ್ರೇ ಅಂತೆ. ನಟ್ಟು ಬಿಗೀತಿರೋದು... ನಿಮ್ಮಪ್ಪ."

"ಮುಂದಿನ ಮುದ್ರಣದಲ್ಲಿ ತಿದ್ತೀನಿ."

ತಿದ್ದಲು ಬೇರೆ ತಪ್ಪುಗಳೂ ಬೇಕಾದಷ್ಟಿದ್ದವು. ದೀಪ್ತಿ ಅಪ್ಪನ ಬಾಯಲ್ಲಿ ಕಾರುಗಳ ಕಥೆ ಕೇಳಿಯೇ ಬೆಳೆದವಳು. ಭಾನುವಾರ ಬಂದರೆ ವಿಜಯನಗರದ ಹೋಟೆಲಿನಲ್ಲಿ ಬೈಟೂ ಕಾಫಿ ಹೀರುತ್ತ, ಅವಳೂ ಅನಿಕೇತನೂ ಒಂದೊಂದೇ ಫೋಟೋಗೆ ಸರಿಯಾದ ಹೆಸರು, ಇಸವಿ ಬರೆದರು. ಪ್ರೀತಿ ಯಾವ ಪುಟದಲ್ಲಿ ಹುಟ್ಟಿತೋ! ಆದರೆ ನಲವತ್ತೆರಡು ಬಂದಾಗಲೆಲ್ಲ ಅನಿಕೇತ್ ಪುಟ ಮಗುಚುತ್ತಿದ್ದ.

"ಯಾಕೆ?" ಕೊನೆಗೊಮ್ಮೆ ಕೇಳಿಯೇಬಿಟ್ಟಳು.

"ನಂಗೆ ಮೊದಲೇ ಗೊತ್ತಿತ್ತು ದೀಪ್ತಿ. ಅಪ್ಪ ತಾವೇ ಬಿಗಿದು ಸತ್ರು ಅಂತ ಅಮ್ಮಂಗೆ ಹೇಗೆ ಹೇಳ್ಲಿ?"

'ಗೊತ್ತಿದ್ದೂ ನಮ್ಮಪ್ಪನ ಹೆಸರು ಹಾಕಿದನಾ!' ಕಣ್ಣು ತುಂಬಿ ಬಂತು. ಎದ್ದು ಹೊರಟುಹೋದಳು. ಮೂರು ತಿಂಗಳು ಅವನ ಫೋನ್ ಎತ್ತಲಿಲ್ಲ.

ಒಂದು ದಿನ ಅವನು ಹೊಸ ಪುಸ್ತಕ ಹಿಡಿದು ಹೆಗ್ಗನಹಳ್ಳಿಯ ಅವಳ ಮನೆಗೇ ಬಂದ. ಅಂದು ಕೆಂಚಪ್ಪನ ಹನ್ನೊಂದನೇ ದಿನದ ತಿಥಿ ಎಂದು ಅವನಿಗೆ ಗೊತ್ತಿರಲಿಲ್ಲ. ಶಾಮಿಯಾನದ ಕೆಳಗೆ ಹಾರ ಹಾಕಿದ್ದ ಫೋಟೋ ಕಂಡು ಅಲ್ಲೇ ಕುಸಿದು ಕೂತ.

"ತಿದ್ದಿದೀನಿ ದೀಪ್ತಿ..."

"ಯಾರಿಗೆ ತೋರಿಸ್ತೀರಾ ಈಗ?"

ಅವನು ಪುಸ್ತಕವನ್ನು ಆ ಫೋಟೋದ ಮುಂದಿಟ್ಟ. ದೀಪ್ತಿ ಬಿಕ್ಕುತ್ತ ಹೇಳಿದಳು:

"ಅಪ್ಪಂಗೂ ಗೊತ್ತಿತ್ತು. 'ಆ ತಾಯಿ ಸತ್ತ ಗಂಡನ್ನ ಬೈಕೊಂಡು ಬದುಕಬಾರ್ದು, ನನ್ನನ್ನೇ ಬೈಲಿ' ಅಂತ ಸುಮ್ನಿದ್ರಂತೆ. ಹೋಗೋ ಮುಂಚೆ ಹೇಳಿದ್ರು."

ಅನಿಕೇತ್ ಮುಖ ಮುಚ್ಚಿಕೊಂಡು ಅತ್ತ.

"ಅಮ್ಮಂಗೆ ಎಲ್ಲಾ ಹೇಳ್ದೆ. ಆಟೋದಲ್ಲಿ ಕೂತಿದಾರೆ, ಇಳಿಯೋಕೆ ಧೈರ್ಯ ಬರ್ತಿಲ್ಲ ಅವ್ರಿಗೆ. ನೀವಿಲ್ದೆ ಇರೋಕಾಗ್ತಿಲ್ಲ ನಂಗೆ... ಕ್ಷಮಿಸ್ತೀರಾ?"

"ಇವತ್ತು ಆಗಲ್ಲ."

ಅವನು ತಲೆ ತಗ್ಗಿಸಿ ಹೊರಟ. ಅವನ ಬೆನ್ನು ನೋಡುತ್ತಲೇ ಅವಳ ಎದೆ ಒಡೆದುಹೋಯಿತು.

"ಹೋಗ್ಬೇಡಿ... ಅಮ್ಮನ್ನ ಕರ್ಕೊಂಡು ಬನ್ನಿ. ಊಟಕ್ಕೆ ಎಲೆ ಹಾಕಿಸ್ತೀನಿ."

"ಊಟ ಆದ್ಮೇಲೆ?"

"ಆಮೇಲೂ ಇಲ್ಲೇ ಇರಿ."