ಉಪ್ಪು ಹಾಕದ ರೊಟ್ಟಿ

ಬಾಗಿಲು ತೆರೆದವಳು ಮತ್ತೆ ಮುಚ್ಚಿಬಿಟ್ಟಳು.

ಹೊರಗೆ ನಿಂತಿದ್ದ ಮೆಕ್ಯಾನಿಕ್ ಮತ್ತೆ ಬಾಗಿಲು ತಟ್ಟಲಿಲ್ಲ. ಟೂಲ್ ಬಾಕ್ಸನ್ನು ಮೆಟ್ಟಿಲ ಮೇಲಿಟ್ಟು ಸುಮ್ಮನೆ ಕಾದ. ಒಳಗೆ ಅವಳು ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದಳು. ಕೈಗೆಲ್ಲ ಹಿಟ್ಟು ಮೆತ್ತಿತ್ತು.

ಅವನೇ... ಆರು ವರ್ಷ ಕಳೆದ ಮೇಲೆ... ಅವನೇ!

“ಯಾರೇ ಅದು? ಮೆಕ್ಯಾನಿಕ್ ಆದ್ರೆ ಒಳಗೆ ಬಿಡು. ಬಾಗಿಲು ಹಾಕ್ಕೊಂಡು ಕಾಯೋಕೆ ಇದೇನು ಅರಮನೇನಾ?” ಎಂದು ಒಳಕೋಣೆಯಿಂದ ದೊಡ್ಡಮ್ಮ ಕೂಗಿದರು.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ತೆರೆದಳು. ಅವನ ಕಿವಿಯ ಮೇಲಿನ ಕೂದಲು ನರೆತಿತ್ತು. ಮೂವತ್ತೈದು ತುಂಬಿಲ್ಲ, ಆಗಲೇ ನರೆ. ಅದಕ್ಕೂ ತಾನೇ ಕಾರಣ ಎಂದು ಅವಳಿಗೆ ಅನ್ನಿಸಿತು. ಲೋಕದಲ್ಲಿ ಏನು ಕೆಟ್ಟರೂ ತನ್ನ ತಲೆಗೇ ಕಟ್ಟಿಕೊಳ್ಳುವ ಹುಡುಗಿ ಅವಳು.

“ಹೇಗಿದ್ದೀಯ?” ಎಂದ ಅವನು.

“ಯಂತ್ರ ಒಳಗಿದೆ,” ಎಂದಳು ಇವಳು. ನೋಡಿ, ಆರು ವರ್ಷ ಕನಸಿನಲ್ಲಿ ಯಾರ ಕಾಲು ಹಿಡಿದು ಅತ್ತಿದ್ದಳೋ ಅವನಿಗೆ ಕೊಟ್ಟ ಉತ್ತರ ಇದು.

ಚರ್ಚಿನ ಹಿಂದೆ ಎರಡೇ ಕೋಣೆಯ ಪುಟ್ಟ ಕಾರ್ಖಾನೆ ಅದು. ಸುತ್ತಲಿನ ನಲವತ್ತು ಚರ್ಚುಗಳಲ್ಲಿ ಯೇಸುವಿನ ನೆನಪಿಗೆ ಎಲ್ಲರೂ ತಿನ್ನುವ ಪ್ರಭುಭೋಜನಕ್ಕೆ ಬೇಕಾದ ರೊಟ್ಟಿ ಅಲ್ಲಿ ತಯಾರಾಗುತ್ತಿತ್ತು. ಬರೀ ಹಿಟ್ಟು, ಬರೀ ನೀರು. ಉಪ್ಪಿಲ್ಲ, ಹುಳಿಯಿಲ್ಲ. ಎರಡು ಕಬ್ಬಿಣದ ಫಲಕಗಳ ನಡುವೆ ಹಿಟ್ಟು ಹುಯ್ದು ಒತ್ತಿದರೆ ತೆಳ್ಳನೆಯ ಬಿಳಿ ಹಾಳೆ ಬರುತ್ತದೆ. ಬಿಸಿ ಹಾಳೆ ಆರಿದ ಕೂಡಲೇ ಗರಿಗರಿಯಾಗುತ್ತದೆ. ಹಾಗೇ ಕತ್ತರಿಸಲು ಹೋದರೆ ಪುಡಿಪುಡಿ. ಅದಕ್ಕೇ ಪಕ್ಕದ ಕೋಣೆಯಲ್ಲಿ ಒದ್ದೆ ಬಟ್ಟೆ ನೇತುಹಾಕಿ, ಒಂದು ದಿನ ಹಾಳೆಗಳನ್ನು ಅಲ್ಲಿಟ್ಟು ಮೆತ್ತಗಾಗಿಸಿ, ಆಮೇಲೆ ಹೆಬ್ಬೆರಳ ಅಗಲದ ಬಿಲ್ಲೆಗಳಾಗಿ ಕತ್ತರಿಸುತ್ತಾರೆ.

ಆರು ವರ್ಷದಿಂದ ಆ ಕೆಲಸ ಅವಳದು. ಲೆಕ್ಕವಿಲ್ಲದಷ್ಟು ಜನ ಅವಳ ಕೈಯ ರೊಟ್ಟಿ ತಿಂದಿದ್ದರು. ಅವಳು ಮಾತ್ರ ಒಂದನ್ನೂ ತಿಂದಿರಲಿಲ್ಲ. ಕತ್ತರಿಸಿ ಉಳಿದ ಅಂಚಿನ ಚೂರುಗಳನ್ನು ಕೆಲಸದವರೆಲ್ಲ ಬಾಯಾಡಿಸುತ್ತಿದ್ದರು, ಅದನ್ನೂ ಮುಟ್ಟಿರಲಿಲ್ಲ. ಭಾನುವಾರ ಸಭೆಯಲ್ಲಿ ಕೊನೆಯ ಬೆಂಚು ಅವಳದು. ಎಲ್ಲರೂ ಆ ರೊಟ್ಟಿಗಾಗಿ ಎದ್ದು ಮುಂದಕ್ಕೆ ಹೋದಾಗ ಅವಳು ತಲೆ ತಗ್ಗಿಸಿ ಕೂತಿರುತ್ತಿದ್ದಳು. ಆಮೇಲೆ ಅಂಗಳ ಗುಡಿಸುತ್ತಿದ್ದಳು, ಬೆಂಚು ಒರೆಸುತ್ತಿದ್ದಳು, ವಾರಕ್ಕೆರಡು ದಿನ ಉಪವಾಸ ಬೇರೆ.

ಯಾಕೆ ಅಂತೀರಾ? ಹೇಳ್ತೀನಿ ಕೇಳಿ.

ಆಗ ಅವರಿಬ್ಬರ ಮದುವೆ ಗೊತ್ತಾಗಿತ್ತು. ಅವನ ತಾಯಿಗೆ ಮೈಯ ಒಂದು ಭಾಗ ಸ್ವಾಧೀನ ತಪ್ಪಿತ್ತು. ಒಬ್ಬರನ್ನೇ ಬಿಡಬಾರದೆಂದು ಡಾಕ್ಟರು ಹೇಳಿದ್ದರು. ಅವನು ಕೆಲಸಕ್ಕೆ ಹೋದಾಗ ಇವಳು ಬಂದು ನೋಡಿಕೊಳ್ಳುತ್ತಿದ್ದಳು. ಆ ತಾಯಿ ಇವಳನ್ನು ಸೊಸೆ ಎನ್ನುತ್ತಿರಲಿಲ್ಲ, ಮಗಳೇ ಎನ್ನುತ್ತಿದ್ದರು. ಒಂದು ಮಂಗಳವಾರ ಮಧ್ಯಾಹ್ನ ತಾಯಿ ನಿದ್ದೆ ಹೋದರು. ಮದುವೆಯ ಬಟ್ಟೆ ಅಳತೆ ನೋಡಲು ಬಾ ಎಂದು ದರ್ಜಿ ಅಕ್ಕ ಹೇಳಿ ಕಳಿಸಿದ್ದಳು. ಹತ್ತು ನಿಮಿಷ ಅಷ್ಟೇ ಎಂದುಕೊಂಡು ಇವಳು ಬೀಗ ಹಾಕಿ ಹೋದಳು. ಕನ್ನಡಿಯ ಮುಂದೆ ನಿಂತವಳಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಒಂದೂವರೆ ಗಂಟೆ ಬಿಟ್ಟು ಬಂದಾಗ ತಾಯಿ ನೀರಿನ ಚೊಂಬಿನ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಉಸಿರಿರಲಿಲ್ಲ.

“ನಾನು ಅಡುಗೆಮನೇಲಿದ್ದೆ,” ಎಂದು ಇವಳು ಎಲ್ಲರಿಗೂ ಹೇಳಿದಳು. ಎಲ್ಲರೂ ನಂಬಿದರು. ಅವನಂತೂ ಇವಳ ಹೆಗಲ ಮೇಲೆಯೇ ತಲೆಯಿಟ್ಟು ಅತ್ತ. ಆ ಭಾರ ಇವಳಿಗೆ ತಡೆಯಲಾಗಲಿಲ್ಲ. ಒಂಬತ್ತನೇ ದಿನ ತನ್ನ ಚಿಕ್ಕಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಊರು ಬಿಟ್ಟಳು.

ಎರಡು ತಿಂಗಳ ನಂತರ ಈ ಕಾರ್ಖಾನೆಗೆ ಒಂದು ಲಕೋಟೆ ಬಂತು. ಅವನ ಅಕ್ಷರ. ಚಿಕ್ಕಮ್ಮನ ಬಾಯಿ ಬಿಡಿಸಿ ವಿಳಾಸ ತಿಳಿದುಕೊಂಡಿದ್ದ. ಅವನಿಗೆ ನಿಜ ಗೊತ್ತಾಗಿದೆ ಎಂದು ಇವಳಿಗೆ ಖಾತ್ರಿಯಾಯಿತು. ಅದರಲ್ಲಿ ಶಾಪವಲ್ಲದೆ ಇನ್ನೇನಿರುತ್ತದೆ? ಬಿಚ್ಚಲು ಧೈರ್ಯ ಬರಲಿಲ್ಲ, ಹರಿಯಲು ಮನಸ್ಸು ಬರಲಿಲ್ಲ. ಖಾಲಿ ಹಿಟ್ಟಿನ ಡಬ್ಬಿಯೊಳಗಿಟ್ಟು ಕಪಾಟಿನ ಮೇಲಿಟ್ಟಳು.

ಈಗ ಆ ಡಬ್ಬಿಯ ಕೆಳಗೇ ಕೂತು ಅವನು ಯಂತ್ರದ ಸ್ಕ್ರೂ ಬಿಚ್ಚುತ್ತಿದ್ದ.

“ನನ್ನ ಕಾಗದ ಬಂದಿತ್ತಾ?” ತಲೆಯೆತ್ತದೆ ಕೇಳಿದ.

“ಬಂದಿತ್ತು.”

ಅವನ ಕೈ ಒಂದು ಗಳಿಗೆ ನಿಂತಿತು. ಅವಳು ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದ. ಅವಳು ಹಿಟ್ಟಿನ ಪಾತ್ರೆಯತ್ತ ತಿರುಗಿದಳು. ಅವನು ಮತ್ತೆ ಸ್ಕ್ರೂ ತಿರುಗಿಸತೊಡಗಿದ.

ಕೆಲಸಕ್ಕೆ ಮೂರು ದಿನ ಹಿಡಿಯುತ್ತದೆ, ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ ಎಂದು ಅವನು ದೊಡ್ಡಮ್ಮನಿಗೆ ಹೇಳಿದ. ಮೂರು ದಿನ! ಇಷ್ಟರಲ್ಲಿ ಬೈದುಬಿಡಲಿ, ಹೊಡೆದೇ ಬಿಡಲಿ ಎಂದು ಅವಳು ಕಾದಳು. ಅವನು ಬೈಯಲಿಲ್ಲ. ಅದೇ ಅವಳನ್ನು ಕೊಂದಿತು. ಮರುದಿನ ಅವನು ಬರುವ ಮೊದಲೇ ಅವನ ಟೂಲುಗಳನ್ನೆಲ್ಲ ಒರೆಸಿಟ್ಟಳು. ಹರಿದಿದ್ದ ಅವನ ಚೀಲದ ಪಟ್ಟಿ ಹೊಲಿದಳು. ಅವನು ಕುಡಿದಿಟ್ಟ ಲೋಟವನ್ನು ಮೂರು ಸಲ ತೊಳೆದಳು. ಇದೆಲ್ಲ ಬೇಡ ಎಂದು ಅವನು ಮೆಲ್ಲಗೆ ಹೇಳಿದ. ಹೇಳುವಾಗ ಅವನ ಮುಖ ಸಪ್ಪಗಾಯಿತು.

ದೊಡ್ಡಮ್ಮ ಕಾರ್ಖಾನೆಯ ಹಿರಿಯರು, ಗಂಡನನ್ನು ಕಳೆದುಕೊಂಡವರು, ಬಾಯಿ ಜೋರು, ಮನಸ್ಸು ಬೆಣ್ಣೆ. ಅಂಚಿನ ಚೂರುಗಳ ಬಟ್ಟಲನ್ನು ಅವನ ಮುಂದಿಟ್ಟು, ಈ ಮಹಾರಾಯಿತಿಗೆ ಮಾತ್ರ ಕೊಡಬೇಡಪ್ಪ, ತಿಂದರೆ ಮೈಲಿಗೆಯಾಗ್ತಾಳೆ ಎಂದು ನಕ್ಕರು. ಅವನು ಅರ್ಥವಾಗದೆ ನೋಡಿದಾಗ ಎಲ್ಲವನ್ನೂ ಹೇಳಿದರು. ಆರು ವರ್ಷದಿಂದ ಒಮ್ಮೆಯೂ ಪ್ರಭುಭೋಜನಕ್ಕೆ ಎದ್ದಿಲ್ಲವೆಂದೂ, ಕಾರಣ ಕೇಳಿದರೆ ನನಗೆ ಯೋಗ್ಯತೆ ಇಲ್ಲ ಅನ್ನುತ್ತಾಳೆಂದೂ ಹೇಳಿದರು. ಅವನು ಬಾಯಿಗೆ ಹಾಕಿಕೊಳ್ಳಲಿದ್ದ ಚೂರನ್ನು ಹಾಗೇ ಬಟ್ಟಲಿಗಿಟ್ಟ.

ಶನಿವಾರ ಬೆಳಿಗ್ಗೆ ಯಂತ್ರ ಸರಿಹೋಯಿತು. ಅವಳು ಹೊಸ ಹಾಳೆಗಳನ್ನು ತೇವದ ಕೋಣೆಗೆ ತಂದು ಜೋಡಿಸುತ್ತಿದ್ದಳು. ಅವನು ಬಾಗಿಲಲ್ಲಿ ಬಂದು ನಿಂತ. ಇನ್ನು ತಡೆಯಲಾರೆ ಎಂದು ಅವಳಿಗೆ ಅನ್ನಿಸಿತು.

“ಅವತ್ತು ನಾನು ಅಡುಗೆಮನೇಲಿ ಇರ್ಲಿಲ್ಲ. ಬಟ್ಟೆ ಅಳತೆಗೆ ಹೋಗಿದ್ದೆ. ಅಮ್ಮನ್ನ ಒಬ್ಬರನ್ನೇ ಬಿಟ್ಟು... ಬೀಗ ಹಾಕಿ... ನಿಮ್ಮಮ್ಮನ್ನ ನಾನೇ ಕೊಂದೆ.”

“ಗೊತ್ತು. ದರ್ಜಿ ಅಕ್ಕ ಹೇಳಿದ್ಲು.” ಅವನ ದನಿ ದಣಿದಿತ್ತು. “ಕಾಗದದಲ್ಲಿ ಅದನ್ನೇ ಬರೆದಿದ್ನಲ್ಲ.”

“ನಾನು... ಅದನ್ನ ಬಿಚ್ಚೇ ಇಲ್ಲ.”

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಗೋಡೆಗೊರಗಿ ಹಾಗೇ ನೆಲಕ್ಕೆ ಕುಸಿದು ಕೂತ. ಆಮೇಲೆ ಮಾತು ಹುಡುಕಿ ಹುಡುಕಿ ಹೇಳಿದ. ಮದುವೆಯಾಗಬೇಕಿದ್ದ ಚರ್ಚಿನ ಮೆಟ್ಟಿಲ ಮೇಲೆ, ತಿಂಗಳ ಕೊನೆಯ ಭಾನುವಾರ ಕಾಯುತ್ತೇನೆ ಎಂದು ಬರೆದಿದ್ದನಂತೆ. ಬೆಳಿಗ್ಗೆಯಿಂದ ಕಾದಿದ್ದನಂತೆ. ಗೇಟು ಹಾಕುವ ಮುದುಕ ಬಂದು, ಯಾರೂ ಬರೋ ಹಾಗಿಲ್ಲ ಮಗಾ, ಮನೆಗೆ ಹೋಗು ಎಂದ ಮೇಲೆಯೇ ಎದ್ದಿದ್ದನಂತೆ. ಓದಿಯೂ ಬರಲಿಲ್ಲ, ನನ್ನನ್ನು ಬೇಡ ಅಂದಳು ಎಂದುಕೊಂಡು ಆರು ವರ್ಷ ಕಳೆದಿದ್ದ. ಇಲ್ಲಿಗೆ ಬೇರೆ ಮೆಕ್ಯಾನಿಕ್ಕನ್ನು ಕಳಿಸಬಹುದಿತ್ತು. ಮುಖವನ್ನಾದರೂ ನೋಡಿ ಬರೋಣ ಎಂದು ತಾನೇ ಬಂದಿದ್ದ.

ಅವಳ ಕೈಯಲ್ಲಿದ್ದ ಹಾಳೆ ಚೂರಾಗಿ ಕಾಲಬಳಿ ಬಿತ್ತು. ಆರು ವರ್ಷ... ಎಷ್ಟು ಬೆಳಗು, ಎಷ್ಟು ಊಟ, ಎಷ್ಟು ಮಾತು... ಎಲ್ಲವೂ ಆ ಡಬ್ಬಿಯೊಳಗೆ ಮುಚ್ಚಿಹೋಗಿತ್ತು. ಅವಳು ಅವನ ಎದುರು ಮಂಡಿಯೂರಿದಳು.

“ನನಗೆ ಏನಾದ್ರೂ ಶಿಕ್ಷೆ ಕೊಡು. ನಿನ್ನ ಮನೆ ಕೆಲಸದವಳಾಗಿ ಬಿದ್ದಿರ್ತೀನಿ. ಜೀವಮಾನ ಪೂರ್ತಿ ಸೇವೆ ಮಾಡಿ ತೀರಿಸ್ತೀನಿ.”

ಅವನ ಕಣ್ಣು ತುಂಬಿ ಬಂತು.

“ಅಮ್ಮನ್ನ ಹೇಗೆ ತೀರಿಸ್ತೀಯ? ಎಷ್ಟು ಲೋಟ ತೊಳೆದ್ರೆ ಅಮ್ಮ ಬರ್ತಾಳೆ?” ಎಂದ. “ನನಗೆ ಕೆಲಸದವಳು ಬೇಡ. ನಾಳೆ ಬಸ್ಸಿಗೆ ಮೊದಲು ಸಭೆಗೆ ಬರ್ತೀನಿ. ಕಾಗದ ಓದು. ಓದಿದ ಮೇಲೂ ತೀರಿಸ್ಲೇಬೇಕು ಅನ್ನಿಸಿದ್ರೆ, ನನ್ನ ಹತ್ರ ಬರ್ಬೇಡ. ಇನ್ನೊಂದು ಸಲ ಕಾಯೋ ಶಕ್ತಿ ನನಗಿಲ್ಲ.”

ಅವನು ಎದ್ದು ಹೋದ. ಅವಳು ಬಿದ್ದ ಚೂರುಗಳನ್ನು ಆರಿಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಪಕ್ಕದ ಕೋಣೆಯಲ್ಲಿದ್ದ ದೊಡ್ಡಮ್ಮನಿಗೆ ಎಲ್ಲ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ನಟಿಸುವ ಜಾಯಮಾನ ಅವರದಲ್ಲ. ಬಂದು ಅವಳ ಪಕ್ಕ ಕೂತು ಕೈಯಲ್ಲಿದ್ದ ಚೂರುಗಳನ್ನು ಕಸಿದುಕೊಂಡರು.

“ಈ ರೊಟ್ಟಿ ಯಾರಿಗೆ ಅಂತ ಸುಡ್ತಿದ್ದೀಯೇ? ಯೋಗ್ಯರಿಗಾ? ಯೋಗ್ಯರಿಗೇ ಆಗಿದ್ರೆ ವಾರಕ್ಕೊಂದು ಬಿಲ್ಲೆ ಸುಟ್ಟರೆ ಸಾಕಿತ್ತು. ಅದೂ ಹಾಗೇ ಉಳಿದುಹೋಗ್ತಿತ್ತು.”

“ನಾನು ಮಾಡಿದ್ದು ಸಣ್ಣ ತಪ್ಪಲ್ಲ ದೊಡ್ಡಮ್ಮ.”

“ಸಣ್ಣದು ಅಂತ ಯಾರು ಹೇಳಿದ್ರು? ದೊಡ್ಡದೇ. ಅದಕ್ಕೇ ತಾನೇ ಯೇಸು ಶಿಲುಬೆ ಮೇಲೆ ಪ್ರಾಣ ಕೊಟ್ಟಿದ್ದು? ಅದು ಸಾಲ್ಲಿಲ್ಲ ಅಂತ ನೀನು ಎರಡು ದಿನದ ಉಪವಾಸ, ಒಂದು ಪೊರಕೆ ಸೇರಿಸ್ತಿದ್ದೀಯಾ?”

ಇಷ್ಟು ವರ್ಷ ತಾನು ಮಾಡಿದ್ದನ್ನು ದೀನತೆ ಎಂದುಕೊಂಡಿದ್ದಳು. ಅದರೊಳಗೆ ತಾನೇ ತೀರಿಸುತ್ತೇನೆಂಬ ಹಟ ಇತ್ತೆಂದು ಅವಳಿಗೆ ಈಗ ಕಂಡಿತು. ಆದರೂ ಆ ದಿನ ಡಬ್ಬಿ ತೆರೆಯಲು ಕೈ ಏಳಲಿಲ್ಲ.

ಭಾನುವಾರ ಕೊನೆಯ ಬೆಂಚಿನಲ್ಲಿ ಕೂತಾಗ ಲಕೋಟೆ ಅವಳ ಮಡಿಲಲ್ಲಿತ್ತು. ಮುಂದೆ, ನಾಲ್ಕನೇ ಸಾಲಿನಲ್ಲಿ ಅವನ ನರೆತ ತಲೆ ಕಾಣುತ್ತಿತ್ತು. ಪಕ್ಕದಲ್ಲಿ ಬಸ್ಸಿಗೆಂದು ಕಟ್ಟಿಟ್ಟ ಚೀಲ. ಅದರ ಪಟ್ಟಿಯ ಮೇಲೆ ಅವಳದೇ ಹೊಲಿಗೆ. ಪಾದ್ರಿಯವರು ಎಂದಿನ ಮಾತನ್ನೇ ಹೇಳುತ್ತಿದ್ದರು. ರಕ್ಷಣೆ ನಾವು ದುಡಿದು ಪಡೆಯುವ ಕೂಲಿಯಲ್ಲ, ದೇವರು ಕೃಪೆಯಿಂದ ಕೊಡುವ ಕೊಡುಗೆ. ನಾವು ಮಾಡುವುದು ಕೈ ಚಾಚುವುದಷ್ಟೇ, ಹಾಗೆ ಚಾಚುವ ಕೈಗೇ ನಂಬಿಕೆ ಎಂದು ಹೆಸರು. ಪ್ರತಿ ಭಾನುವಾರವೂ ಕೇಳಿದ್ದಳು. ಅದು ಬೇರೆಯವರಿಗೆ ಎಂದು ಬಿಟ್ಟಿದ್ದಳು.

ಅವಳು ಲಕೋಟೆ ಬಿಚ್ಚಿದಳು.

“ಗುಬ್ಬಿ, ದರ್ಜಿ ಅಕ್ಕನ ಅಂಗಡಿಗೆ ಹೋಗಿದ್ದೆ. ಎಲ್ಲ ಗೊತ್ತಾಯಿತು. ನೀನು ತಪ್ಪು ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಮಾಡಿದ್ದೀಯ. ಮೂರು ದಿನ ಊಟ ಬಿಟ್ಟು ನಿನ್ನನ್ನು ಬೈದೆ. ನಾಲ್ಕನೇ ದಿನ ಪ್ರಾರ್ಥನೆಗೆ ಕೂತೆ. ದೇವರು ನನಗೆ ಏನೇನು ಕ್ಷಮಿಸಿದ್ದಾನೆ ಎಂದು ನೆನಪಾಯಿತು, ಬೈಯಲು ಬಾಯಿ ಬರಲಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ. ನೀನು ಕೇಳುವ ಮೊದಲೇ. ಏನೂ ತರಬೇಡ, ಏನೂ ಹೇಳಬೇಡ. ಸುಮ್ಮನೆ ಬಾ. ತಿಂಗಳ ಕೊನೆಯ ಭಾನುವಾರ ನಮ್ಮ ಚರ್ಚಿನ ಮೆಟ್ಟಿಲ ಮೇಲೆ ಇರುತ್ತೇನೆ.”

ಗುಬ್ಬಿ... ಅವನು ಮಾತ್ರ ಕರೆಯುತ್ತಿದ್ದ ಹೆಸರು. ಆರು ವರ್ಷದಿಂದ ಕ್ಷಮೆ ತನ್ನ ಕಪಾಟಿನ ಮೇಲೆಯೇ ಇತ್ತು! ಅದರ ಕೆಳಗೇ ನಿಂತು ಅವಳು ದಿನಾ ಹಿಟ್ಟು ಕಲಸಿದ್ದಳು. ಅಳು ಒತ್ತರಿಸಿಕೊಂಡು ಬಂತು.

ಜನ ಒಬ್ಬೊಬ್ಬರಾಗಿ ಎದ್ದು ಮುಂದಕ್ಕೆ ಹೋಗತೊಡಗಿದರು. ಅವನೂ ಎದ್ದ. ಹಿಂದಿರುಗಿ ನೋಡಲಿಲ್ಲ. ನೋಡಲು ಹೆದರಿದ್ದ, ಪಾಪ.

ಅವಳು ಕಾಗದವನ್ನು ಬೆಂಚಿನ ಮೇಲಿಟ್ಟಳು. ಕರ್ತನೇ, ನನ್ನ ಹತ್ರ ಏನೂ ಇಲ್ಲ... ತಂದು ಕೊಡೋಕೆ ಒಂದೂ ಇಲ್ಲ... ನೀನು ಕೊಡ್ತೀನಿ ಅಂದಿದ್ದನ್ನ ನಂಬ್ತೀನಿ, ಅಷ್ಟೇ... ಎಂದು ಮನಸ್ಸಿನಲ್ಲೇ ಅಂದುಕೊಂಡು ಎದ್ದಳು. ದೊಡ್ಡಮ್ಮ ದಾರಿಬಿಟ್ಟು ಸರಿದು, ಮೂಗು ಒರೆಸಿಕೊಂಡರು.

ಅವನ ಪಕ್ಕದಲ್ಲಿ ಬಂದು ಮಂಡಿಯೂರಿದಾಗ ಅವನು ಕಣ್ಣು ಮುಚ್ಚಿಕೊಂಡ. ಅವಳು ಎರಡೂ ಅಂಗೈ ಚಾಚಿದಳು. ಯಾವಾಗಲೂ ಪೊರಕೆಯನ್ನೋ ಬಟ್ಟೆಯನ್ನೋ ಹಿಡಿದಿರುತ್ತಿದ್ದ ಕೈಗಳು ಇವತ್ತು ಬರಿದಾಗಿದ್ದವು. ಪಾದ್ರಿಯವರು ಒಂದು ಗಳಿಗೆ ಅವಳ ಮುಖ ನೋಡಿ ಅಂಗೈಯಲ್ಲಿ ರೊಟ್ಟಿ ಇಟ್ಟರು. ಅವಳೇ ಸುಟ್ಟ ರೊಟ್ಟಿ. ಕಣ್ಣೀರು ಕೆನ್ನೆಯಿಂದ ತುಟಿಗೆ ಇಳಿಯುತ್ತಿರುವಾಗಲೇ ಅದನ್ನು ತಿಂದಳು.

ಸಭೆ ಮುಗಿದ ಮೇಲೆ ಅವನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಬೀದಿಯ ತಿರುವಿನಲ್ಲಿ ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆದು ಹೊರಟಿತು. ಅವನು ಚೀಲ ಮುಟ್ಟಲಿಲ್ಲ. ಅವಳು ಬಂದು ಒಂದು ಮೊಳ ದೂರದಲ್ಲಿ ಕೂತಳು. ಅಮ್ಮ ಇಲ್ಲ. ಆರು ವರ್ಷ ಇಲ್ಲ. ಅವೆರಡೂ ಮರಳಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದಕ್ಕಾಗಿ ಅತ್ತರು, ಮುಚ್ಚಿಡಲಿಲ್ಲ.

“ಓದಿದ್ಯಾ?” ಎಂದು ಅವನು ಕೇಳಿದ.

“ಓದಿದೆ. ತಡವಾಗಿ ಬಂದೆ.”

“ಬಂದ್ಯಲ್ಲ.”

ಅವಳ ಕೈ ಅಭ್ಯಾಸಬಲದಿಂದ ಅವನ ಚೀಲದ ಧೂಳು ಒರೆಸಲು ಹೋಯಿತು. ಅವನು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ, ಬಿಡಲಿಲ್ಲ.

“ಆರು ವರ್ಷ ಸುಟ್ಟ ರೊಟ್ಟಿ, ಇವತ್ತು ತಿಂದೆ. ರುಚಿ ಹೇಗಿತ್ತು ಗುಬ್ಬಿ?”

ಅವಳು ಅಳುತ್ತಲೇ ನಕ್ಕಳು.

“ಒಂದು ಕಾಳು ಉಪ್ಪು ಹಾಕಿರ್ಲಿಲ್ಲ ಕಣೋ... ಆದ್ರೂ ಉಪ್ಪುಪ್ಪಾಗಿತ್ತು.”

“ನನಗೂ,” ಎಂದ ಅವನು.